ಚಿಕ್ಕಪ್ಪನ ನಾಲ್ಕು ಮರುದನಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ನಡೆದದ್ದು ಮಟಮಟ ಮಧ್ಯಾಹ್ನ, ನಮ್ಮ ರೆಕಾರ್ಡಿಂಗ್ ಕೋಣೆಯಲ್ಲಿ.

ನನ್ನ ಚಿಕ್ಕಪ್ಪ ಸಿಂಥಸೈಸರ್ ನುಡಿಸುತ್ತಿದ್ದವರು. ಅಂಥ ಕಿವಿಯನ್ನು ನಾನು ಇನ್ನೊಬ್ಬರಲ್ಲಿ ಕಂಡಿಲ್ಲ. ಒಂದು ಸ್ವರ ಒತ್ತಿ, ಕಣ್ಣು ಮುಚ್ಚಿ, ಬೆರಳು ಮಡಚಿ ಎಣಿಸುತ್ತ, ಮರುದನಿ ಕೊಡುವ ಡಿಲೇ ನಾಬನ್ನು ಕೂದಲೆಳೆಯಷ್ಟೇ ತಿರುಗಿಸುತ್ತಿದ್ದರು. "ನಾಲ್ಕೇ ಸಲ ಬರ್ಬೇಕು ಕಣೋ. ಐದನೇದು ಕರೀದೇ ಬಂದ ನೆಂಟ," ಎನ್ನುತ್ತಿದ್ದರು. ಆಮೇಲೆ ರಿವರ್ಬ್ ಚೂರು ಏರಿಸಿದರೆ ಸಾಕು, ನಮ್ಮ ಹತ್ತಡಿ ಕೋಣೆಗೆ ಬಾವಿಯ ಆಳ ಬರುತ್ತಿತ್ತು. ನಾನು ತಪ್ಪು ನುಡಿಸಿದರೆ ಎಂದೂ ಬೈದವರಲ್ಲ. ಪಕ್ಕದಿಂದ ಕೈಚಾಚಿ ಸರಿಯಾದ ಸ್ವರವನ್ನು ಮೆಲ್ಲಗೆ ಒತ್ತಿ ಸುಮ್ಮನಾಗುತ್ತಿದ್ದರು.

ಅವರು ತೀರಿಕೊಂಡ ತಿಂಗಳಿಗೆ ಅವರ ವಾದ್ಯದ ಮುಂದೆ ಮೊದಲ ಸಲ ಒಬ್ಬನೇ ಕೂತೆ. ನಾಲ್ಕು ಮರುದನಿಗೆ ಡಿಲೇ ಹೊಂದಿಸಿ, ರೆಕಾರ್ಡಿಂಗ್ ಶುರು ಮಾಡಿ, ಅವರದೇ ಒಂದು ಟ್ಯೂನ್ ನುಡಿಸಿದೆ. ಕೊನೆಯ ಸ್ವರದಲ್ಲಿ ಬೆರಳು ಜಾರಿ ಪಕ್ಕದ ಕೀಯನ್ನು ಒತ್ತಿಬಿಟ್ಟಿತು. ನಾಲಿಗೆ ಕಚ್ಚಿಕೊಂಡೆ.

ಮರುದನಿ ನಾಲ್ಕು ಸಲ ಬಂತು. ನಾಲ್ಕೂ ಸಲ ಸರಿಯಾದ ಸ್ವರದಲ್ಲೇ ಬಂತು.

ಎ.ಸಿ.ಗೆ ಕೀಗಳೆಲ್ಲ ತಣ್ಣಗಿದ್ದವು. ನಾನು ಒತ್ತಬೇಕಿದ್ದ, ಬೆರಳು ಜಾರಿ ತಪ್ಪಿಹೋದ ಆ ಒಂದು ಕೀ ಮಾತ್ರ ಬೆಚ್ಚಗಿತ್ತು.

ಸಂಜೆ ಏನೂ ಹೇಳದೆ ಚಿಕ್ಕಮ್ಮನಿಗೆ ರೆಕಾರ್ಡಿಂಗ್ ಕೇಳಿಸಿದೆ. ಅವರು ಕಣ್ಣು ಮುಚ್ಚಿ, ಬೆರಳು ಮಡಚುತ್ತ ಕೇಳಿದರು.

"ತಪ್ಪು ನುಡಿಸಿದ್ದು ನೀನು, ಅದು ಗೊತ್ತಾಯ್ತು," ಎಂದರು. "ಆಮೇಲಿನ ನಾಲ್ಕನ್ನ ಅವ್ರು ಯಾವಾಗ ನುಡಿಸಿದ್ರು?"