ಕಬ್ಬಿನ ಮೂಲೆಯ ಕಾರ್ಡು

ಸುಧೀರನ ಫೋನು ಬಂದಾಗ ಎಂದಿನಂತೆ ಛೇಡಿಸಲು ಮಾಡಿದ್ದಾನೆಂದೇ ಸಾರಿಕಾ ನಗುತ್ತ ಎತ್ತಿದಳು.

"ಶೇವಂತಕ್ಕ ಇನ್ನೂ ಬಂದಿಲ್ರಿ."

ಕೈಯಲ್ಲಿದ್ದ ರಕ್ತದ ಸ್ಯಾಂಪಲ್ಲು ಕೈಯಲ್ಲೇ ಉಳಿಯಿತು. ಅಕ್ಕ ಅಕ್ಕೋಳದ ಮನೆ ಬಿಟ್ಟು ಎರಡು ತಾಸಾಗಿತ್ತು. ಹೊಲಿಗೆ ಕೇಂದ್ರಕ್ಕೆ ನಡೆದರೆ ದಾರಿ ಇಪ್ಪತ್ತೇ ನಿಮಿಷದ್ದು.

ಶೇವಂತಾಗೆ ಮೂವತ್ತೆರಡು ವರ್ಷ. ಕಲಿಕೆ ನಿಧಾನ, ಅಕ್ಷರ ಹತ್ತಲಿಲ್ಲ, ಎಡ ಬಲ ನೆನಪಿನಲ್ಲಿ ನಿಲ್ಲುವುದಿಲ್ಲ. ಕೇಂದ್ರದ ಮಾಸ್ತರ ಸುಧೀರ, ದಾರಿಯ ಗುರುತುಗಳ ಫೋಟೊ ತೆಗೆದು ಏಳು ಕಾರ್ಡು ಮಾಡಿ ಅವಳ ಕೊರಳಿಗೆ ಹಾಕಿದ್ದ. ಹಿಟ್ಟಿನ ಗಿರಣಿ, ನೀರಿನ ಟಾಕಿ, ಕಬ್ಬಿನ ಮೂಲೆ... ಒಂದು ಸಿಕ್ಕ ಮೇಲೆ ಇನ್ನೊಂದು.

ಎರಡು ತಿಂಗಳು ಮೂವರೂ ಕೂಡಿ ನಡೆದಿದ್ದರು. ಸುಧೀರ ಕಾರ್ಡಿಗಿಂತ ಸಾರಿಕಾಳನ್ನೇ ಹೆಚ್ಚು ನೋಡಿದ್ದ. ಅಕ್ಕ ಒಬ್ಬಳೇ ಓಡಾಡುವವರೆಗೆ ಲಗ್ನದ ಮಾತು ಬೇಡ ಎಂದಿದ್ದಳು ಸಾರಿಕಾ. ಅಕ್ಕ ಒಬ್ಬಳೇ ಹೊರಟದ್ದು ಇವತ್ತೇ ಮೊದಲು.

ನಿಪ್ಪಾಣಿಯ ಲ್ಯಾಬಿನಿಂದ ಓಡಿಸಿಕೊಂಡು ಬಂದ ಸ್ಕೂಟಿಯನ್ನು ಟಾಕಿ ದಾಟುತ್ತಲೇ ಅವಳು ನಿಲ್ಲಿಸಿಬಿಟ್ಟಳು. ಕಬ್ಬಿರಲಿಲ್ಲ. ಕಬ್ಬು ಕಡಿಯುವ ಗ್ಯಾಂಗಿನವರು ನಿನ್ನೆ ಕಡಿದು, ಉಳಿದ ಒಣ ಗರಿಗೆ, ರವದಿಗೆ, ಬೆಂಕಿ ಹಚ್ಚಿ ಹೋಗಿದ್ದರು. ಆಳೆತ್ತರದ ಹಸಿರಿದ್ದಲ್ಲಿ ಕಪ್ಪು ನೆಲ. ಅದರಾಚೆ ಹೆದ್ದಾರಿ, ಲಾರಿಗಳು.

ಎದುರಿನಿಂದ ಸುಧೀರ ಓಡಿ ಬಂದ. ಕೆನ್ನೆಗೆ ಮಸಿ ಹತ್ತಿತ್ತು.

"ತಪ್ಪು ನಂದ. ಬೆಳ್ಯೂದನ್ನ ಗುರುತು ಮಾಡಬಾರದಿತ್ತು."

"ನಮಗ ಅವಸರ ಆಗಿತ್ರಿ," ಎಂದಳು ಸಾರಿಕಾ. ಆ ಮಾತು ಅವಳಿಗೇ ಚುಚ್ಚಿತು.

ಬೇವಿನ ಮರದ ಹಿಂದೆ ಯಾರೋ ಕೆಮ್ಮಿದರು. ಬದುವಿನ ಮೇಲೆ, ಚಪ್ಪಲಿ ಬಿಚ್ಚಿಟ್ಟು, ಕಾರ್ಡು ತೊಡೆಯ ಮೇಲಿಟ್ಟುಕೊಂಡು ಶೇವಂತಾ ಕುಳಿತಿದ್ದಳು.

"ಎಲ್ಲಿ ಹೋಗಿದ್ದಿ ಅಕ್ಕಾ?"

"ಎಲ್ಲೂ ಹೋಗಿಲ್ಲ. ಫೋಟೋದಾಗಿಂದು ಸಿಗಲಿಲ್ಲಂದ್ರ ಅಲ್ಲೇ ಕುಂದ್ರು ಅಂದಾರ ಮಾಸ್ತರು. ಕಬ್ಬು ಬರ್ಲಿ ಅಂತ ಕುಂತೀನಿ."

ದಾರಿ ತಪ್ಪಿದ್ದವರು ತಾವಿಬ್ಬರೇ ಎನ್ನಿಸಿತು ಸಾರಿಕಾಗೆ. ಸುಧೀರ ಮೊಬೈಲು ತೆಗೆದು, ಕಬ್ಬಿನ ಬದಲು ತಿರುವಿನ ಕಲ್ಲಿನ ಫೋಟೊ ಹಿಡಿದ.

"ಇನ್ನೊಂದು ಮಾಡ್ರಿ," ಎಂದಳು ಶೇವಂತಾ. "ನಿಮ್ಮ ಮನೀದು. ಲಗ್ನ ಆದಮ್ಯಾಲೆ ಸಾರಿಕಾ ಅಲ್ಲೇ ಇರ್ತಾಳಲ್ಲ. ನಾ ಒಬ್ಬಾಕಿನ ಬರ್ತೀನಿ."

ಸಾರಿಕಾ ದಂಗಾದಳು. ಅಕ್ಕನಿಗೆ ಯಾರೂ ಏನೂ ಹೇಳಿರಲಿಲ್ಲ. ಸೆರಗಿನಿಂದ ಸುಧೀರನ ಕೆನ್ನೆಯ ಮಸಿ ಒರೆಸುತ್ತ ಅವಳು ಅವನಿಗೆ ಹೇಳಿದಳು.

"ಮಾಡ್ರಿ. ಬೆಳ್ಯೂದು ಒಂದೂ ಹಾಕಬ್ಯಾಡ್ರಿ."