ಲಾಕರ್ ಯಂತ್ರ ತೆಗೆದ ಖಾಲಿ ಫೋಟೊ

ಲಾಕರಿನ ಬಾಗಿಲು ತೆರೆಯಿತು. ಒಳಗೆ ಪಿಟೀಲು ಇರಲಿಲ್ಲ.

ಪಿಟೀಲುವಾದಕಿ ಕಿರುಚಲಿಲ್ಲ. ಕೈ ಒಳಗೆ ಹಾಕಿ ಮೂಲೆಮೂಲೆ ತಡವಿದಳು, ಅಷ್ಟು ದೊಡ್ಡ ಪೆಟ್ಟಿಗೆ ಮೂಲೆಯಲ್ಲಿ ಅಡಗಿ ಕೂತಿರಬಹುದು ಎಂಬಂತೆ. ಪಕ್ಕದ ಪರದೆ ಎಂದಿನ ಸೌಜನ್ಯದಿಂದ ಕೇಳಿತು: "ನಮ್ಮ ಸೇವೆ ಹೇಗಿತ್ತು? ನಗುಮುಖವನ್ನು ಮುಟ್ಟಿ."

*

ಇನ್‌ಸ್ಪೆಕ್ಟರ್ ಬಂದವಳು ಕೂರಲಿಲ್ಲ. ಕೂತರೆ ಬುದ್ಧಿಯೂ ಕೂತುಬಿಡುತ್ತದೆ ಎಂದು ಅವಳ ನಂಬಿಕೆ. ರೈಲು ನಿಲ್ದಾಣದ ಸಾಮಾನು ಕೋಣೆಯಲ್ಲಿ ಅತ್ತಿಂದಿತ್ತ ತಿರುಗಿದಳು.

ಇಲ್ಲಿ ಈಗ ಗುಮಾಸ್ತರಿಲ್ಲ. ಗೋಡೆ ತುಂಬ ಲಾಕರು, ನಡುವೆ ಒಂದು ಪರದೆ. ಸಾಮಾನು ಇಡುವವರು ತಮಗೆ ಬೇಕಾದ ಸಂಖ್ಯೆ ಒತ್ತಿ ಇಡಬೇಕು. ಅದೇ ಸಂಖ್ಯೆ ಒತ್ತಿ ತೆಗೆಯಬೇಕು. ತೆಗೆಯುವಾಗ ಯಂತ್ರ ಪರದೆಯ ಎದುರು ನಿಂತವರ ಫೋಟೊ ಹಿಡಿಯುತ್ತದೆ. ಕಳ್ಳ ತೆಗೆದಾಗಲೂ ಹಿಡಿದಿತ್ತು. ಫೋಟೊದಲ್ಲಿ ಎದುರಿನ ಬೆಂಚಿತ್ತು, ಗೋಡೆ ಗಡಿಯಾರವಿತ್ತು. ಮನುಷ್ಯರಿರಲಿಲ್ಲ.

"ದೆವ್ವಾನೇ ಇರ್ಬೇಕು ಮೇಡಂ," ಎಂದ ಬಾಗಿಲ ಗಾರ್ಡ್.

"ದೆವ್ವಕ್ಕೆ ಪಿಟೀಲು ಯಾಕ್ರೀ? ಕಲಿಯೋ ವಯಸ್ಸಾ ಅದಕ್ಕೆ? ನಿಮ್ಮ ಮುಂದೆ ಯಾರಾದ್ರೂ ಪೆಟ್ಟಿಗೆ ಹೊತ್ಕೊಂಡು ಹೋದ್ರಾ?"

"ಇಲ್ಲ ಮೇಡಂ. ನಾನು ಬಾಗಿಲು ಬಿಟ್ಟು ಕದಲಿಲ್ಲ."

ಯಂತ್ರದ ಮೆಕ್ಯಾನಿಕ್ ತಲೆ ತಗ್ಗಿಸಿ ನಿಂತಿದ್ದ. ಅವನು ಪಿಟೀಲುವಾದಕಿಯ ಸ್ವಂತ ತಮ್ಮ. ಅವಳು ಒತ್ತಿದ್ದ ಸಂಖ್ಯೆ ಅವನು ಹುಟ್ಟಿದ ವರ್ಷ.

"ಅಜ್ಜನ ಪಿಟೀಲು ಮಾರೋಣ ಅಂತ ನೀನೇ ಅಂದಿದ್ದೆ," ಎಂದಳು ಅಕ್ಕ.

"ಅಂದಿದ್ದೆ ಕಣೇ. ಬಾಯಲ್ಲಿ ಅಂದೋರೆಲ್ಲ ಕಳ್ಳರಾ?"

"ಇನ್ಮೇಲೆ ನನ್ನನ್ನ ಅಕ್ಕ ಅನ್ಬೇಡ."

ತಮ್ಮನ ಮುಖ ಸುಣ್ಣ ಬಳಿದಂತಾಯಿತು. ಇನ್‌ಸ್ಪೆಕ್ಟರ್ ಫೋನು ಮೂರನೆಯ ಸಲ ಬಡಿದುಕೊಂಡಿತು. ಮೇಲಧಿಕಾರಿ. "ಇನ್ನೂ ಏನಮ್ಮಾ ನೋಡ್ತಿದ್ದೀಯ? ಆ ತಮ್ಮನನ್ನ ಎತ್ತಿ ಒಳಗೆ ಹಾಕು. ನಾನೂ ಅಲ್ಲಿಗೇ ಹೊರಟಿದ್ದೀನಿ."

ಅವಳು ಮತ್ತೆ ತಿರುಗಾಡಿದಳು. ಪರದೆಯ ಬಳಿ, ಜನರಿಗೆ ಯಂತ್ರ ಬಳಸಲು ಕಲಿಸುವ ಸಹಾಯಕಿ ಮುದುಕರೊಬ್ಬರಿಗೆ ನೆರವಾಗುತ್ತಿದ್ದಳು. ಅವರಿಗೆ ಪರದೆ ಕಾಣಲೆಂದು ಪಕ್ಕಕ್ಕೆ ಸರಿದು, ಕೈ ಮಾತ್ರ ಚಾಚಿ, "ಇಲ್ಲಿ ಒತ್ತಿ ತಾತ, ನಿಧಾನ," ಎನ್ನುತ್ತಿದ್ದಳು.

ಮುದುಕರು ಹೋದ ಮೇಲೆ ಇನ್‌ಸ್ಪೆಕ್ಟರ್ ತಾನೂ ಹಾಗೇ ಅಡ್ಡ ನಿಂತು ಒತ್ತಿ ನೋಡಿದಳು. ಐದು ಒತ್ತಿದರೆ ಆರು ಬಿತ್ತು. ಯಂತ್ರ ಗುರ್ರೆಂದಿತು.

*

"ಒಬ್ಬೊಬ್ರೇ ಬಂದು ಒಂದು ಖಾಲಿ ಲಾಕರ್ ತೆಗೀರಿ," ಎಂದಳು.

ಗಾರ್ಡ್ ಎದುರಿಗೆ ನಿಂತ. ಅವನಿಗಿಂತ ಮೊದಲು ಅವನ ಹೊಟ್ಟೆ ಪರದೆ ಮುಟ್ಟಿತು.

ಮೆಕ್ಯಾನಿಕ್ ಜೇಬಿನಿಂದ ಕೀಲಿ ತೆಗೆದು ಸೀದಾ ಯಂತ್ರದ ಹಿಂದಕ್ಕೆ ಹೋದ. ಆಮೇಲೆ ನಾಲಿಗೆ ಕಚ್ಚಿಕೊಂಡು ಮುಂದೆ ಬಂದ.

ಸಹಾಯಕಿ ಪರದೆಯ ಪಕ್ಕದಲ್ಲಿ ನಿಂತಳು. ಎದುರಿನ ಜಾಗ ಯಾರಿಗೋ ಬಿಟ್ಟುಕೊಟ್ಟವಳಂತೆ ಕೈ ಚಾಚಿ, ಸರಸರನೆ ಒತ್ತಿದಳು. ಒಂದೂ ತಪ್ಪಲಿಲ್ಲ. "ಈಗ ಹಸಿರು ಗುಂಡಿ ಒತ್ತಿ," ಎಂದಳು.

"ಯಾರಿಗೆ ಹೇಳ್ತಿದ್ದೀರಿ?"

ಸಹಾಯಕಿಯ ಕೈ ಗಾಳಿಯಲ್ಲೇ ನಿಂತಿತು. ಈಗಷ್ಟೇ ಯಂತ್ರ ಹಿಡಿದ ಫೋಟೊವನ್ನು ಇನ್‌ಸ್ಪೆಕ್ಟರ್ ಪರದೆಗೆ ತಂದಳು. ಬೆಂಚು, ಗಡಿಯಾರ. ಮನುಷ್ಯರಿಲ್ಲ.

"ಮುಖ ಮರೆಸೋ ಕಳ್ಳ ಟೋಪಿ ಹಾಕ್ಕೋತಾನೆ. ಅಡ್ಡ ನಿಂತು ತಪ್ಪಿಲ್ಲದೆ ಒತ್ತೋಕೆ ದಿನಾ ಅಡ್ಡ ನಿಂತವರಿಗೇ ಸಾಧ್ಯ. ಇವರ ತಮ್ಮನಿಗೆ ಬೇಕಿದ್ರೆ ಹಿಂದಿನಿಂದ ಕೀಲಿ ಹಾಕಿ ತೆಗೀತಿದ್ದ. ಆಗ ಫೋಟೊನೇ ಇರ್ತಿರ್ಲಿಲ್ಲ. ಪಿಟೀಲು ಇಡೋವಾಗ ಈ ಅಕ್ಕ ಸಂಖ್ಯೆ ಒತ್ತಿದ್ದನ್ನ ಪಕ್ಕದಲ್ಲೇ ನಿಂತು ನೋಡಿದ್ದು ನೀವು."

"ಹಾಗಾದ್ರೆ ಪಿಟೀಲು?" ಎಂದಳು ಅಕ್ಕ.

"ಬಾಗಿಲು ದಾಟಿಲ್ಲ ಅಂದ್ಮೇಲೆ ಇಲ್ಲೇ ಇದೆ. ಇದೇ ಗೋಡೇಲಿ, ಬೇರೆ ಲಾಕರಿನಲ್ಲಿ. ಹೌದಾ?"

ಸಹಾಯಕಿ ಹೌದೆಂದು ತಲೆಯಾಡಿಸಿದಳು. "ನಾನು ಕದಿಯೋಕೆ ಕದ್ದಿಲ್ಲ ಮೇಡಂ. ಬರೋ ತಿಂಗಳಿಂದ ಸಹಾಯಕರು ಬೇಡ ಅಂದಿದ್ದಾರೆ. ಜನಕ್ಕೆ ಯಂತ್ರ ಅಭ್ಯಾಸ ಆಯ್ತಂತೆ. ಅಭ್ಯಾಸ ಮಾಡಿಸಿದ್ದು ನಾನು! ಒಂದು ಸಾಮಾನು ಕಳೆದ್ರೆ ಯಂತ್ರದ ಪಕ್ಕ ಮನುಷ್ಯರು ಬೇಕು ಅಂತ ಗೊತ್ತಾಗತ್ತೆ ಅಂದ್ಕೊಂಡೆ. ಸಂಜೆ ನಾನೇ ಹುಡುಕಿ ಕೊಡೋಳಿದ್ದೆ."

"ಸಂಜೆಗೆ ಇವನು ಲಾಕಪ್ಪಿನಲ್ಲಿರ್ತಿದ್ದ."

"ಮೆಕ್ಯಾನಿಕ್ ಇವರ ತಮ್ಮ ಅಂತ ಗೊತ್ತಿರ್ಲಿಲ್ಲ. ದೇವರಾಣೆ. ಗೊತ್ತಾದ ಮೇಲೆ ಬಾಯಿ ಬಿಡೋಕೆ ಧೈರ್ಯ ಬರ್ಲಿಲ್ಲ."

ಅಕ್ಕ ತಮ್ಮನ ಕಡೆ ನೋಡಿದಳು. ಅವನು ಕೀಲಿಗೊಂಚಲು ನೋಡುತ್ತಿದ್ದ.

"ಏನೋ," ಎಂದಳು, "ಪೆಟ್ಟಿಗೆ ಭಾರ ಇದೆ. ಬಂದು ಹಿಡ್ಕೋ."

ಅವನು ತುಸು ಹೊತ್ತು ಬಿಟ್ಟು ಬಂದ.

ಸಹಾಯಕಿ ಎಂದಿನಂತೆ ಪಕ್ಕಕ್ಕೆ ಸರಿದು ನಿಂತು, ಸಂಖ್ಯೆ ಹೇಳಿದಳು. "ಈಗ ಹಸಿರು ಗುಂಡಿ ಒತ್ತಿ, ಅಮ್ಮಾ."

ಅಕ್ಕ ಒತ್ತಿದಳು. ಯಂತ್ರ ಫೋಟೊ ಹಿಡಿಯಿತು. ಅದರಲ್ಲಿ ಅಕ್ಕ ಇದ್ದಳು, ಅವಳ ಹೆಗಲ ಮೇಲಿಂದ ಇಣುಕುವ ತಮ್ಮನಿದ್ದ. ಗುಂಡಿ ತೋರಿಸಿದವಳು ಈ ಸಲವೂ ಇರಲಿಲ್ಲ.