ಅರ್ಧ ಕಟ್ಟೆ ಇಳಿದ ಪಿಟೀಲು

ಬುಧವಾರ ಬೆಳಗ್ಗೆ ನಾಗಮಣಿ ಬಾಗಿಲಿಗೆ ರಂಗೋಲಿ ಹಾಕಿ ಇನ್ನೂ ಸೊಂಟ ನೆಟ್ಟಗೆ ಮಾಡಿರಲಿಲ್ಲ, ಮಹಡಿ ಇಳಿದು ಬಂದ ಬೋರಮ್ಮ ಅವಳೆದುರೇ ಕುಸಿದು ಕೂತಳು. ಹದಿನೆಂಟು ವರ್ಷದಿಂದ ಮೇಲ್ಮನೆಯ ವಿಷ್ಣುತೀರ್ಥರ ಸಂಸಾರವನ್ನು ತನ್ನದೇ ಎನ್ನುವಂತೆ ನೋಡಿಕೊಂಡಿದ್ದವಳು ಅವಳು.

"ಕಳ್ಳಿ ಅಂದ್ಬುಟ್ರು ಅಮ್ಮಾವ್ರೇ. ನನ್ ಚೀಲ ಕೊಡವಿ ನೋಡಿದ್ರು," ಎಂದಳು.

ನಡೆದದ್ದು ಇಷ್ಟು. ವಿಷ್ಣುತೀರ್ಥರ ತಂದೆಯ ಕಾಲದ ಪಿಟೀಲು ಬೀರುವಿನಿಂದ ಮಾಯವಾಗಿತ್ತು. ಮಂಗಳವಾರ ಮೂರೂವರೆಗೆ ಅವರು ಕಣ್ಣಿನ ಡಾಕ್ಟರಲ್ಲಿಗೆ ಹೊರಟಾಗ ಇದ್ದದ್ದು ಐದಕ್ಕೆ ಬಂದಾಗ ಇರಲಿಲ್ಲ. ಮನೆಯಲ್ಲಿದ್ದವರು ಇಬ್ಬರೇ. ಹಿಂಬದಿಯ ಅಡುಗೆಮನೆಯಲ್ಲಿ ಬೋರಮ್ಮ. ಮುಂದಿನ ಕೋಣೆಯ ಬಾಗಿಲು ಹಾಕಿಕೊಂಡು ತನ್ನ ಪಿಟೀಲು ಅಭ್ಯಾಸ ಮಾಡುತ್ತಿದ್ದ, ವಿಷ್ಣುತೀರ್ಥರ ಅಣ್ಣನ ಮಗ ಮೋಹನ್. ಅವನು ಒಂದು ಗಳಿಗೆಯೂ ನಿಲ್ಲಿಸಲಿಲ್ಲವೆಂದು ಬೋರಮ್ಮನೇ ಸಾಕ್ಷಿ ಹೇಳಿದ್ದಳು. ಅವನಲ್ಲ ಎಂದಮೇಲೆ ಉಳಿದವಳು ಅವಳೊಬ್ಬಳೇ. ಸಂಜೆಯೊಳಗೆ ಪಿಟೀಲು ಬರದಿದ್ದರೆ ಪೊಲೀಸರಿಗೆ ದೂರು ಕೊಡುತ್ತೇನೆಂದು ವಿಷ್ಣುತೀರ್ಥರು ಗಡುವು ಕೊಟ್ಟಿದ್ದರು.

ನಾಗಮಣಿಗೂ ಒಳಗೊಳಗೇ ಅನುಮಾನದ ಹುಳ ಕೊರೆಯಿತು. ಹೋದ ವರ್ಷ ಕಾಣೆಯಾದ ತನ್ನ ಬೆಳ್ಳಿ ಚಮಚ ನೆನಪಾಯಿತು, ಅದು ತವರಿನಲ್ಲೇ ಸಿಕ್ಕಿದ್ದರೂ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಥೂ, ತನ್ನ ಬುದ್ಧಿಗಿಷ್ಟು, ಎಂದು ತನ್ನನ್ನೇ ಬೈದುಕೊಂಡು ಅಣ್ಣನನ್ನು ಕರೆದಳು.

ಅಣ್ಣ ಭೋಜರಾಜ ಮೂವತ್ತು ವರ್ಷ ವಿಮಾ ಕಂಪನಿಯಲ್ಲಿದ್ದು ಸುಳ್ಳು ಕ್ಲೈಮುಗಳನ್ನು ಹಿಡಿದವನು. ನಿವೃತ್ತಿಯಾದ ಮೇಲೂ ತಮ್ಮ ಬಡಾವಣೆ ಕೀಲ್ಪಾಕಿನ ಕನ್ನಡದವರ ಮನೆಯಲ್ಲಿ ಏನು ಕಳೆದರೂ ಅವನಿಗೇ ಬುಲಾವು. ಎಲ್ಲ ಕೇಳಿದವನು ತಂಗಿಯ ಕಡೆ ತಿರುಗಿ, ನಿನ್ನೆ ನಿನಗೇನು ಕೇಳಿಸಿತು, ಒಂದೂ ಬಿಡದೆ ಹೇಳು ಎಂದ.

ಹೇಳುವುದೇನು? ದಿನಾ ನಾಲ್ಕಕ್ಕೆ ಅವಳು ತನ್ನ ಹಳೆಯ ತಿದಿಯ ಶ್ರುತಿಪೆಟ್ಟಿಗೆ ಹಿಡಿದು ಐದು ಕಟ್ಟೆ ಶ್ರುತಿಗೆ ಹಾಡಲು ಕೂರುತ್ತಿದ್ದಳು. ಮೇಲೆ ಮೋಹನ್ ಪರೀಕ್ಷೆಗೆಂದು ಮುನ್ನೂರು ವರ್ಷದ ಹಿಂದಿನ ಒಂದು ಪಾಶ್ಚಾತ್ಯ ಸೊನಾಟಾದ ಅಡಾಜಿಯೋ ಎಂಬ ನಿಧಾನಗತಿಯ ಭಾಗವನ್ನು ನುಡಿಸುತ್ತಿದ್ದ. ಜಿ ಮೈನರ್ ಎಂಬ ಸ್ವರಶ್ರೇಣಿಯಂತೆ. ದುಃಖ ನುಂಗಿಕೊಂಡು ಕೂತವರ ಸಂಗೀತ. ಅದರ ಕೊನೆಯ ಸ್ವರ ಅವಳ ಷಡ್ಜಕ್ಕೆ ಹಾಲು ಸಕ್ಕರೆಯಂತೆ ಸೇರುತ್ತಿತ್ತು. ನಿನ್ನೆ ಮಾತ್ರ ಸೇರದೆ ಅರ್ಧ ಕಟ್ಟೆಯಷ್ಟು ಕೆಳಗೆ ನಿಂತಿತು. ಕರೆಂಟು ಹೋಗಿತ್ತು, ಸೆಕೆಗೆ ಕಿವಿ ಕೆಟ್ಟಿತೇನೋ ಅಂದುಕೊಂಡಿದ್ದಳು. ತಾಳ ಹಾಕುತ್ತಿದ್ದ ಕೈಯೂ ಪದೇಪದೇ ಅವನ ವಾದನಕ್ಕಿಂತ ಮುಂದೆ ಓಡುತ್ತಿತ್ತು. ಆದರೆ ಕರುಳು ಕಿವುಚುವ ಹಾಗೆ ನುಡಿಸಿದ್ದ. ಸಂಜೆ ಮೆಟ್ಟಿಲ ಮೇಲೆ ಸಿಕ್ಕಾಗ, ಇವತ್ತು ನನ್ನ ಶ್ರುತಿಗೆ ಸೇರದಿದ್ದರೂ ಎಷ್ಟು ಚೆನ್ನಾಗಿತ್ತು ಎಂದು ಅವನನ್ನು ಹೊಗಳಿಯೂ ಇದ್ದಳು.

"ಅವನೇನಂದ?"

"ಮುಖ ಬಿಳಿಚಿಕೊಂಡ. ಸಂಕೋಚದ ಹುಡುಗ ಅಂದುಕೊಂಡೆ."

ಭೋಜರಾಜ ತಟ್ಟನೆ ಎದ್ದ. ಅಂಗಡಿಗೆ ಹೋಗಿ ನಾಲ್ಕು ಸೆಲ್ಲು ತಂದು ಜೇಬಿಗೆ ಹಾಕಿಕೊಂಡ. ಇವನಿಗೇನು ಬಂತು ಎಂದು ನಾಗಮಣಿಗೆ ಸಿಟ್ಟೇ ಬಂತು.

ಸಂಜೆ ಐದಕ್ಕೆ ಮೇಲ್ಮನೆಯ ಹಾಲಿನಲ್ಲಿ ಎಲ್ಲರೂ ಸೇರಿದರು. ವಿಷ್ಣುತೀರ್ಥರು ಗಂಟು ಮುಖ ಹಾಕಿಕೊಂಡಿದ್ದರು. ಬೋರಮ್ಮ ಬಾಗಿಲ ಬಳಿ ನಿಂತಿದ್ದಳು. ಆ ಪಿಟೀಲು ಯಾರಿಗೆ ಸೇರಬೇಕಿತ್ತು ಎಂದು ಭೋಜರಾಜ ಕೇಳಿದ. ಬರುವ ಶುಕ್ರವಾರ ಮಗಳ ಮಗಳು ರಚನಾಳಿಗೆ ಕೊಡುವುದಾಗಿ ಹೇಳಿದ್ದೆ ಎಂದರು ವಿಷ್ಣುತೀರ್ಥರು. ಮೋಹನ್ ತಲೆ ತಗ್ಗಿಸಿದ.

"ಮೋಹನ್, ನಿನ್ನ ಅಡಾಜಿಯೋ ಮುಗಿಯುವುದು ಪಿಟೀಲಿನ ದಪ್ಪ ತಂತಿಯ ಮೇಲೆ, ಬೆರಳಿಡದೆ. ಅದಕ್ಕೂ ಕೆಳಗಿನ ಸ್ವರ ಆ ವಾದ್ಯದಲ್ಲಿಲ್ಲ. ನಿನ್ನೆ ನಾಗಮಣಿಗೆ ಕೇಳಿಸಿದ್ದು ಅದಕ್ಕಿಂತ ಅರ್ಧ ಕಟ್ಟೆ ಕೆಳಗೆ. ಹೇಗೆ?"

ಹುಡುಗ ಉತ್ತರ ಸಿದ್ಧವಾಗಿಟ್ಟುಕೊಂಡವನಂತೆ ತಲೆಯೆತ್ತಿದ. "ತಂತಿ ಇಳಿಸಿದ್ದೆ ಅಂಕಲ್. ಆ ಕಾಲದಲ್ಲಿ ಶ್ರುತಿ ಕೆಳಗೇ ಇರ್ತಿತ್ತು. ಬೇಕಾದ್ರೆ ನಮ್ಮ ಮಾಸ್ಟರನ್ನ ಕೇಳಿ."

ನಾಗಮಣಿ ಅಣ್ಣನತ್ತ ನೋಡಿದಳು. ಅದು ನಿಜವೇ ಎಂದು ಅವಳೂ ಕೇಳಿ ಬಲ್ಲಳು. ಇನ್ನು ಬೋರಮ್ಮನ ಗತಿ?

"ನಿಜ. ತಂತಿ ಇಳಿಸಿದರೆ ಶ್ರುತಿ ಇಳಿಯುತ್ತೆ, ಆದರೆ ಕಾಲ ನಿಧಾನವಾಗಲ್ಲ," ಎಂದ ಭೋಜರಾಜ. "ಭಾವ ಬಂದು ನಿಧಾನವಾಗಿ ನುಡಿಸಿದರೆ ಕಾಲ ಎಳೆಯುತ್ತೆ, ಶ್ರುತಿ ಇಳಿಯಲ್ಲ. ಎರಡೂ ಜೊತೆಯಲ್ಲಿ ಇಳೀತು ಅಂದಾಗ ನನಗೆ ಮೊದಲು ಅನುಮಾನ ಬಂದದ್ದು ಯಂತ್ರದ ಮೇಲೆ. ನಿಮ್ಮ ಮಾಸ್ಟರು ನುಡಿಸಿದ್ದನ್ನ ಟೇಪ್ ಮಾಡಿ ಕೇಳು ಅಂತಾರಲ್ಲ? ಆ ಟೇಪ್‌ರೆಕಾರ್ಡರ್ ತಾ."

ಮೋಹನ್ ಅಲುಗಾಡಲಿಲ್ಲ. ವಿಷ್ಣುತೀರ್ಥರೇ ಹೋಗಿ ತಂದರು. ಕ್ಯಾಸೆಟ್ಟು ಇನ್ನೂ ಒಳಗೇ ಇತ್ತು. ಭೋಜರಾಜ ಅದನ್ನು ಕರೆಂಟಿಗೆ ಹಾಕದೆ, ಒಳಗಿದ್ದ ಹಳೆಯ ಸೆಲ್ಲಿನಲ್ಲೇ ಚಾಲೂ ಮಾಡಿದ. ಕ್ಯಾಸೆಟ್ಟಿನ ತುಂಬ ಅದೇ ಅಡಾಜಿಯೋ, ಮುಗಿದರೆ ಮತ್ತೆ ಮೊದಲಿನಿಂದ. ನಾಗಮಣಿ ಅಣ್ಣ ಹೇಳಿದ್ದಕ್ಕೆ ಜೊತೆಯಲ್ಲಿ ತಂದಿದ್ದ ಶ್ರುತಿಪೆಟ್ಟಿಗೆ ಒತ್ತಿದಳು. ಐದು ಕಟ್ಟೆ ಸೇರಲಿಲ್ಲ. ನಾಲ್ಕೂವರೆಗಿಂತಲೂ ತುಸು ಕೆಳಗಿತ್ತು, ಅವಳ ಕೈ ಮುಂದೆ ಓಡುತ್ತಿತ್ತು. ಭೋಜರಾಜ ಹೊಸ ಸೆಲ್ಲು ಹಾಕಿದ. ಕೊನೆಯ ಸ್ವರ ಸರಿಯಾಗಿ ಅವಳ ಷಡ್ಜದ ಮೇಲೆ ಬಂದು ಕೂತಿತು.

"ಕರೆಂಟು ಹೋದಾಗ ಟೇಪು ಸೆಲ್ಲಿನ ಮೇಲೆ ಓಡಿತು, ಸೆಲ್ಲು ಸೊರಗಿದ್ದಕ್ಕೆ ನಿಧಾನವಾಗಿ ತಿರುಗಿ ಸ್ವರವೂ ಇಳಿಯಿತು. ನೀನು ಹೊರಗಿದ್ದೆ, ಅದು ನಿನಗೆ ಕೇಳಿಸಲಿಲ್ಲ. ನಾಗಮಣಿ ಹೊಗಳಿದ ಮೇಲೆ ಗೊತ್ತಾಗಿ ಆ ತಂತಿಯ ಕತೆ ಕಟ್ಟಿದೆ."

ಮೋಹನ್ ಒಪ್ಪಿಕೊಂಡ. ಬೀದಿಯ ತಿರುವಿನಲ್ಲಿ ಬೈಕ್ ನಿಲ್ಲಿಸಿಕೊಂಡು ಕಾದಿದ್ದ ಗೆಳೆಯನ ಕೈಗೆ ಕೊಟ್ಟೆ, ರಾಯಪುರಂನಲ್ಲಿ ಅವನ ಮನೆಯಲ್ಲಿದೆ ಎಂದ. "ಹತ್ತು ವರ್ಷದಿಂದ ನುಡಿಸೋನು ನಾನು ಚಿಕ್ಕಪ್ಪ. ಅವಳಿಗೆ ಪೆಟ್ಟಿಗೆ ತೆಗೆಯೋಕೂ ಬರಲ್ಲ," ಎಂದು ಅತ್ತ.

ವಿಷ್ಣುತೀರ್ಥರು ಎದ್ದು ಬೋರಮ್ಮನಿಗೆ ಕೈ ಮುಗಿದು, ತಪ್ಪಾಯಿತು, ಇದು ನಿನ್ನದೇ ಮನೆ, ಒಳಗೆ ಹೋಗು ಎಂದರು.

ಬೋರಮ್ಮ ಹೋಗಲಿಲ್ಲ. ಅವಳ ಕಣ್ಣಲ್ಲಿ ನೀರೂ ಇರಲಿಲ್ಲ.

"ಮೋಹನಪ್ಪ ಒಳಗೇ ಅವ್ರೆ ಅಂತ ನಾನಂದೆ. ಅವರ್ನ ಉಳಿಸೋಕೆ ನನ್ ಮಾತು ಸಾಕಾಯ್ತು ಸ್ವಾಮಿ. ನಾ ಕದ್ದಿಲ್ಲ ಅಂತಲೂ ನಾನೇ ಅಂದೆ. ಅದು ಸಾಲ್ದೇ ಹೋಯ್ತಲ್ಲ."

ಸೊಂಟದಿಂದ ಅಡುಗೆಮನೆಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು. ಬೋರಮ್ಮ ಚಪ್ಪಲಿ ಮೆಟ್ಟಿ ಇಳಿದು ಹೋದಳು.